ಇನ್ನೂರ ಹದಿನಾಲ್ಕನೇ ನಂಬರಿನ ರಕ್ತ

ಮುನಿಯಪ್ಪನ ಮೇಲೆ ನನಗಿರುವ ಸಿಟ್ಟು ಇವತ್ತು ನಿನ್ನೆಯದಲ್ಲ. ಅವನಷ್ಟು ಒಳ್ಳೆಯವನು ಇನ್ನೊಬ್ಬನಿಲ್ಲ ಎಂದು ನಮ್ಮ ಮಿಲ್ಲಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು ಕಷ್ಟ? ಆ ಒಳ್ಳೆಯತನವನ್ನು ಹತ್ತಿರದಿಂದ ನೋಡಿ ತಲೆ ತಲೆ ಚಚ್ಚಿಕೊಂಡವನು ನಾನು. ಅವನ ವಿಷಯ ಬರೆಯೋಣವೆಂದು ಕೂತರೆ ಪುಟಕ್ಕೊಮ್ಮೆ ಎದ್ದುಹೋಗಿ ನೀರು ಕುಡಿದು ಬರಬೇಕಾಗುತ್ತದೆ.

ನಾನು ಲಕ್ಷ್ಮೀಪತಿ, ಕಾಂಪೌಂಡರ್. ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟುಕಲ್ಲುಗಳೇ ಹೆಚ್ಚಾಗಿದ್ದ ಕಾಲದಲ್ಲಿ ಮಾಗಡಿ ರಸ್ತೆಯ ಪಕ್ಕ ಎದ್ದ ಒಂದು ಬಟ್ಟೆ ಮಿಲ್ಲಿನ ಔಷಧಾಲಯದಲ್ಲಿ ನನ್ನ ಕೆಲಸ. ಕೆಮ್ಮಿಗೆ ಕೆಂಪು ಮಿಕ್ಸ್ಚರ್, ಗಾಯಕ್ಕೆ ಟಿಂಚರ್, ಹೊಟ್ಟೆನೋವಿಗೆ ಬಿಳಿ ಪುಡಿ. ಐವತ್ತೊಂದರಲ್ಲಿ ಬೆರಳಿಗೆ ಗಾಯ ಮಾಡಿಕೊಂಡು ಬಂದ ಒಬ್ಬ ಹುಡುಗನಿಗೆ ಪಟ್ಟಿ ಕಟ್ಟುತ್ತ ಹೆಸರೇನೆಂದು ಕೇಳಿದೆ. ‘ನನ್ ಹೆಸ್ರಾ, ಇವತ್ತು ಯಾರ ಹೆಸ್ರಲ್ಲಿ ಬಂದಿವ್ನೋ ಅವ್ರ ಹೆಸ್ರಾ ಸ್ವಾಮಿ?’ ಎಂದ. ಅವನೇ ಮುನಿಯಪ್ಪ. ಆಗಲೇ ನನಗೆ ಅರ್ಥವಾಗಬೇಕಿತ್ತು.

ಅವನು ಕೆಂಗೇರಿಯಿಂದ ಆಚೆ, ಬಸ್ಸಿಳಿದು ಎರಡು ಮೈಲಿ ನಡೆದರೆ ಸಿಗುವ ಪುಟ್ಟ ಹಳ್ಳಿಯವನು. ಹೆತ್ತವಳು ಇವನಿಗೆ ಮೂರು ವರ್ಷವಿದ್ದಾಗಲೇ ಹೋದಳು. ಸಾಕಿದವಳು ಅಕ್ಕ ಹನುಮಕ್ಕ. ತನಗೆ ಹನ್ನೊಂದು ವರ್ಷವಿದ್ದಾಗಿನಿಂದ ಇವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಅವಳ ಗಂಡ ಬೈರಯ್ಯ ನಮ್ಮ ಮಿಲ್ಲಿನಲ್ಲಿ ಮಗ್ಗದ ಕೆಲಸಗಾರ, ಕಾಯಂ ನೌಕರ, ಇನ್ನೂರ ಹದಿನಾಲ್ಕನೇ ನಂಬರಿನ ಹಿತ್ತಾಳೆ ಬಿಲ್ಲೆಯ ಒಡೆಯ. ಮದುವೆಯಾಗಿ ಮಾಗಡಿ ರಸ್ತೆಯ ವಠಾರಕ್ಕೆ ಬಂದ ಅಕ್ಕ ತಮ್ಮನನ್ನೂ ಕರೆಸಿಕೊಂಡು ಬದ್ಲಿ ಕೆಲಸಕ್ಕೆ ಸೇರಿಸಿದಳು.

ಬದ್ಲಿ ಎಂದರೇನೆಂದು ಮಿಲ್ಲು ಕಾಣದವರಿಗೆ ಹೇಳಬೇಕು. ಬೆಳಿಗ್ಗೆ ಸೈರನ್ ಆಗುವ ಮೊದಲು ನಲವತ್ತು ಐವತ್ತು ಜನ ಗೇಟಿನ ಹೊರಗೆ ನಿಂತಿರುತ್ತಾರೆ. ಒಳಗೆ ಯಾರ ಮಗ್ಗ ಖಾಲಿಯೋ ಆ ಜಾಗಕ್ಕೆ ಟೈಮ್‌ಕೀಪರ್ ಒಬ್ಬೊಬ್ಬರನ್ನು ಕರೆದು, ಅವರವರ ಹಾಜರಿ ಚೀಟಿಯಲ್ಲಿ ಗುರುತು ಹಾಕಿ ಒಳಗೆ ಬಿಡುತ್ತಾನೆ. ಕರೆಯದಿದ್ದರೆ ಮನೆಗೆ. ಹೀಗೆ ತನ್ನ ಚೀಟಿಯಲ್ಲಿ ಇನ್ನೂರ ನಲವತ್ತು ದಿನ ತುಂಬಿಸಿದವನನ್ನು ಕಾಯಂ ಮಾಡಿ ಬಿಲ್ಲೆ ಕೊಡುತ್ತಾರೆ. ಆದರೆ ನಡುವೆ ಹತ್ತು ದಿನ ಗೇಟಿಗೆ ಮುಖ ತೋರಿಸದಿದ್ದರೆ ಎಣಿಕೆ ಮೊದಲಿನಿಂದ. ಇದು ಕಾಗದದ ಮೇಲಿನ ನಿಯಮ. ಕಾಗದದಲ್ಲಿಲ್ಲದ ಇನ್ನೊಂದು ಪದ್ಧತಿಯೂ ಇತ್ತು. ಕಾಯಂ ನೌಕರ ಊರಿಗೆ ಹೋಗಬೇಕೆಂದರೆ ರಜೆ ಕೇಳುತ್ತಿರಲಿಲ್ಲ. ತಮ್ಮನನ್ನೋ ಬಾಮೈದನನ್ನೋ ತನ್ನ ಬಿಲ್ಲೆ ಕೊಟ್ಟು ಕಳಿಸುತ್ತಿದ್ದ. ಮಗ್ಗದ ಮುಂದೆ ಒಬ್ಬ ಮನುಷ್ಯ ನಿಂತಿದ್ದರಾಯಿತು, ಅವನು ಯಾರೆಂದು ಕೇಳುವ ಗೋಜಿಗೆ ಟೈಮ್‌ಕೀಪರ್ ನಂಜುಂಡಪ್ಪ ಹೋಗುತ್ತಿರಲಿಲ್ಲ. ಕಾಲಕಾಲಕ್ಕೆ ಅವನ ಮನೆಗೆ ಅವರೆಕಾಯಿ, ಹುರುಳಿ ಹೋಗುತ್ತಿತ್ತು.

ಬೈರಯ್ಯನಿಗೆ ಎರಡು ಎಕರೆ ರಾಗಿ ಹೊಲ. ಮಗ್ಗದ ಮುಂದೆ ನಿಂತಿದ್ದರೂ ಅವನ ಕಣ್ಣು ಕಿಟಕಿಯಾಚೆ ಮೋಡದ ಮೇಲೆ. ಬಿತ್ತನೆಗೆ ಮೂರು ವಾರ, ಕಳೆಗೆ ಒಂದು ವಾರ, ಕುಯ್ಲಿಗೆ ಮತ್ತೆ ಮೂರು ವಾರ ಅವನು ಊರಿನಲ್ಲಿ. ಅಷ್ಟೂ ದಿನ ಮುನಿಯಪ್ಪ ಬೈರಯ್ಯನಾಗಿ ಮಗ್ಗ ಓಡಿಸುತ್ತಿದ್ದ. ಆಗೆಲ್ಲ ಅವನ ಸ್ವಂತ ಚೀಟಿಯ ಪ್ರಕಾರ ಮುನಿಯಪ್ಪ ಗೇಟಿಗೇ ಬಂದಿಲ್ಲ. ಎಣಿಕೆ ಮೊದಲಿನಿಂದ! ಆರು ವರ್ಷ, ಒಂದು ದಿನವೂ ತಪ್ಪದೆ ದುಡಿದ ಮನುಷ್ಯ ಪುಸ್ತಕದಲ್ಲಿ ಅರೆಬರೆ ಬರುವ ಸೋಮಾರಿ.

‘ಲೋ, ಈ ಸಲ ಹೋಗಲ್ಲ ಅಂತ ಹೇಳೋ ನಿಮ್ಮ ಬಾವನಿಗೆ’ ಎಂದು ನಾನು ವರ್ಷ ವರ್ಷವೂ ಬೈಯುತ್ತಿದ್ದೆ.

‘ಅಕ್ಕ ಕೇಳವ್ಳೆ ಸ್ವಾಮಿ, ಇದೊಂದು ಸಲ ಅಂತ.’

‘ಇದೊಂದು ಸಲ ಅಂತ ಹಿಂದ್ಲ ಸಲಾನೂ ಅಂದಿದ್ಯಲ್ಲೋ!’

‘ಹಿಂದ್ಲ ಸಲದ್ದು ಕುಯ್ಲಿಗೆ ಸ್ವಾಮಿ. ಇದು ಬಿತ್ತನೆಗೆ. ಅದು ಬ್ಯಾರೆ, ಇದು ಬ್ಯಾರೆ.’

ಇಂಥವನಿಗೆ ಏನು ಹೇಳುವುದು?

ಐವತ್ತೇಳರಲ್ಲಿ ಮಾತ್ರ ಅವನಿಗೂ ಬಿಸಿ ತಟ್ಟಿತ್ತು. ಕೆಂಗೇರಿಯ ಪೇಟೆಯಲ್ಲಿ ಒಂದು ಹೆಣ್ಣು ನೋಡಿ ಬಂದಿದ್ದ. ಹೆಣ್ಣಿಗೆ ಒಪ್ಪಿಗೆ, ಇವನಿಗೆ ಒಪ್ಪಿಗೆಗಿಂತ ಹೆಚ್ಚು. ಅವಳ ತಂದೆ ಮಾತ್ರ, ‘ಬದ್ಲಿಯವನಿಗೆ ಹೆಣ್ಣು ಕೊಡಾಕಿಲ್ಲ. ಬಿಲ್ಲೆ ತಕ್ಕೊಂಡು ಬಾ, ಒಂದು ವರ್ಷ ಕಾಯ್ತೀನಿ’ ಎಂದಿದ್ದರು. ಮುನಿಯಪ್ಪ ಅದನ್ನು ನನಗೆ ಹೇಳುವಾಗ ಕಿವಿಯೆಲ್ಲ ಕೆಂಪಾಗಿತ್ತು. ಜೂನ್ ಹೊತ್ತಿಗೆ ಅವನ ಚೀಟಿಯಲ್ಲಿ ನೂರ ಮೂವತ್ತು ದಿನ ತುಂಬಿತ್ತು. ದೀಪಾವಳಿ ಕಳೆಯುವುದರೊಳಗೆ ಬಿಲ್ಲೆ ಸಿಗುವುದು ಖಂಡಿತ ಎಂದು ನಾನೇ ಲೆಕ್ಕ ಹಾಕಿ ಹೇಳಿದ್ದೆ.

ಜೂನ್ ಹತ್ತನೇ ತಾರೀಕು ಹದವಾದ ಮಳೆ ಬಿತ್ತು. ಹನ್ನೊಂದಕ್ಕೆ ಬೈರಯ್ಯ ಊರಿಗೆ ಹೋದ. ಹನ್ನೆರಡಕ್ಕೆ ನಮ್ಮ ಮಹಾರಾಯ ಇನ್ನೂರ ಹದಿನಾಲ್ಕರ ಬಿಲ್ಲೆ ಹಿಡಿದು ಗೇಟಿನೊಳಗೆ ಬರುತ್ತಿದ್ದುದನ್ನು ನಾನೇ ಕಣ್ಣಾರೆ ಕಂಡೆ. ನೂರ ಮೂವತ್ತು ದಿನಗಳನ್ನು ನೀರಿಗೆ ಹಾಕಿ ಬಂದವನ ಮುಖದಲ್ಲಿ ನಾಚಿಕೆಯ ಒಂದು ನಗೆ ಬೇರೆ. ನಾನು ಆ ದಿನ ಅವನನ್ನು ಮಾತಾಡಿಸಲಿಲ್ಲ.

ಅದೇ ವಾರ ಫ್ಲೂ ಬಂತು. ಹಡಗಿನಲ್ಲಿ ಮದ್ರಾಸಿಗೆ ಇಳಿದು, ಅಲ್ಲಿಂದ ರೈಲು ಹತ್ತಿ ಬೆಂಗಳೂರಿಗೆ ಬಂದ ಹೊಸ ಜ್ವರ. ನೇಯ್ಗೆಯ ಷೆಡ್ಡಿನಲ್ಲಿ ಒಂದೇ ದಿನ ಮೂವತ್ತು ಜನ ಮಲಗಿದರು. ನೂಲು ಒಣಗಿ ಹರಿಯಬಾರದೆಂದು ಆ ಷೆಡ್ಡಿನ ಕಿಟಕಿಗಳನ್ನು ಮುಚ್ಚಿಯೇ ಇಡುತ್ತಾರೆ, ಒಳಗೆ ನೀರಿನ ಹಬೆ ಬಿಡುತ್ತಾರೆ. ಅದೂ ಸಾಲದು ಎಂಬಂತೆ, ಅಡ್ಡನೂಲು ಹೊತ್ತು ಮಗ್ಗದಲ್ಲಿ ಓಡಾಡುವ ಲಾಳಿಯ ಕತೆ. ಅದರೊಳಗಿನ ಕಂಡಿಕೆಯ, ಎಂದರೆ ನೂಲು ಸುತ್ತಿದ ಕಡ್ಡಿಯ, ನೂಲು ಮುಗಿದಾಗಲೆಲ್ಲ ಹೊಸ ಕಂಡಿಕೆಯನ್ನು ಲಾಳಿಯೊಳಗೆ ಕೂರಿಸಿ, ಲಾಳಿಯ ಪಕ್ಕದ ಸಣ್ಣ ತೂತಿಗೆ ಬಾಯಿ ಹಚ್ಚಿ ಉಸಿರೆಳೆದರೆ ನೂಲಿನ ತುದಿ ಹೊರಗೆ ಬರುತ್ತದೆ. ದಿನಕ್ಕೆ ನೂರಾರು ಸಲ. ಒಂದು ಪಾಳಿಯವನು ಬಾಯಿ ಹಚ್ಚಿ ಇಟ್ಟುಹೋದ ಲಾಳಿಗೇ ಮುಂದಿನ ಪಾಳಿಯವನೂ ಬಾಯಿ ಹಚ್ಚುತ್ತಾನೆ. ಒರೆಸುವುದೂ ಇಲ್ಲ.

ಮುನಿಯಪ್ಪನಿಗೂ ಜ್ವರ ಬಂತು. ನೂರ ಮೂರು ಡಿಗ್ರಿ. ಮನೆಗೆ ಹೋಗಿ ಮಲಗೆಂದರೆ ಕೇಳಬೇಕಲ್ಲ!

‘ನಾನ್ ಮಲೀಕಂಡ್ರೆ ಬಾವಂಗೆ ಗೈರುಹಾಜರಿ ಬೀಳ್ತದೆ ಸ್ವಾಮಿ. ಒಂದು ಲೋಟ ಮಿಕ್ಸ್ಚರ್ ಕೊಡಿ, ನಿಂತ್ಕತೀನಿ.’

ಮಗ್ಗದ ಕಂಬ ಹಿಡಿದುಕೊಂಡು ಮೂರು ದಿನ ನಿಂತ. ಹಾಗೆ ನಿಂತವನು ಎಷ್ಟು ಜನಕ್ಕೆ ಜ್ವರ ಹಂಚಿದನೋ ದೇವರೇ ಬಲ್ಲ. ನಾನು ಔಷಧದ ಪುಸ್ತಕದಲ್ಲಿ ಬೈರಯ್ಯ ಎಂದು ಬರೆದು ಮಿಕ್ಸ್ಚರ್ ಕೊಟ್ಟೆ. ಅಲ್ಲಿಗೆ ಈ ಪಾಪದಲ್ಲಿ ನನ್ನ ಪಾಲೂ ಶುರುವಾಯಿತು.

ನಮ್ಮ ಡಾಕ್ಟರ್ ಏಕಾಂತಯ್ಯನವರು ದಾವಣಗೆರೆಯ ಕಡೆಯವರು. ಓದಿಕೊಂಡವರು, ಲೋಕದ ವ್ಯವಹಾರ ಒಂದು ಚೂರೂ ತಿಳಿಯದವರು. ಈ ಜ್ವರ ಲಾಳಿಯಿಂದಲೇ ಹರಡುತ್ತಿದೆ ಎಂಬುದು ಅವರ ವಾದ. ಅದನ್ನು ಸಾಧಿಸಿ ತೋರಿಸಿದರೆ ಬಾಯಿ ಹಚ್ಚುವ ಪದ್ಧತಿ ನಿಲ್ಲಿಸಿ, ನೂಲೆಳೆಯಲು ಕೊಕ್ಕೆಗಳನ್ನು ಕೊಡಿಸಬಹುದು ಎಂಬ ಆಸೆ. ಹೊರ ಊರಿನ ಒಂದು ಪ್ರಯೋಗಾಲಯಕ್ಕೆ ಬರೆದು ರಕ್ತ ಪರೀಕ್ಷೆಗೆ ಒಪ್ಪಿಸಿದರು. ಜ್ವರ ಬಿಟ್ಟುಹೋದ ಮೇಲೂ ಮೈ ಅದರ ವಿರುದ್ಧ ಕಟ್ಟಿಕೊಂಡ ಕಾವಲು ರಕ್ತದಲ್ಲಿ ಉಳಿದಿರುತ್ತದಂತೆ, ಅದಕ್ಕೆ ಪ್ರತಿಕಾಯ ಎಂದು ಹೆಸರು. ಷೆಡ್ಡಿನ ಅರವತ್ತು ಜನರ ರಕ್ತ, ಲಾಳಿ ಮುಟ್ಟದೆ ಬಟ್ಟೆ ಮಡಿಸುವ ವಿಭಾಗದ ಅರವತ್ತು ಜನರ ರಕ್ತ. ಈಗೊಮ್ಮೆ, ಮೂರು ವಾರ ಬಿಟ್ಟು ಇನ್ನೊಮ್ಮೆ.

‘ಲಕ್ಷ್ಮೀಪತಿ, ಇದರಾಗ ಮುಖ್ಯ ಏನಂದ್ರ, ಎರಡೂ ಸಲ ಅದೇ ಮನುಷ್ಯನ ರಕ್ತ ಇರಬೇಕು’ ಎಂದರು.

‘ಅದರಲ್ಲೇನಿದೆ ಸಾರ್’ ಎಂದೆ. ನನ್ನ ಬಾಯಿಗೆ ಮಣ್ಣು ಹಾಕಬೇಕಿತ್ತು.

ಜೂನ್ ಇಪ್ಪತ್ತೆಂಟರಂದು ಮೊದಲ ಸಲ. ರಕ್ತ ಮಾರಿಕೊಳ್ಳುತ್ತಾರೆಂದು ಯಾರೋ ಗುಲ್ಲೆಬ್ಬಿಸಿದ್ದರು. ಒಂದು ಲೋಟ ಹಾಲು, ಎರಡು ಬನ್ನು ಎಂದು ಸಾರಿದ ಮೇಲೆ ಸಾಲು ಬೆಳೆಯಿತು. ನಂಜುಂಡಪ್ಪ ಬರೆದುಕೊಟ್ಟ ಪಟ್ಟಿ ನೋಡಿ ನಂಬರ್ ಕೂಗುವುದು, ಸೀಸೆಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಇನ್ನೂರ ಹದಿನಾಲ್ಕು ಎಂದೆ. ಮುನಿಯಪ್ಪ ತೋಳು ಮಡಿಸಿಕೊಂಡು ಮುಂದೆ ಬಂದ. ಹಿಂದೆ ಐವತ್ತು ಜನ, ಪಕ್ಕದಲ್ಲಿ ಡಾಕ್ಟರು, ಬಾಗಿಲಲ್ಲಿ ನಂಜುಂಡಪ್ಪ. ನಾನು ಬಾಯಿ ಬಿಟ್ಟರೆ ಬೈರಯ್ಯನ ಕೆಲಸ ಹೋಗುತ್ತದೆ, ಬದ್ಲಿ ಪಟ್ಟಿಯಿಂದ ಮುನಿಯಪ್ಪನ ಹೆಸರೂ ಹೋಗುತ್ತದೆ. ಚೀಟಿಯ ಮೇಲೆ ೨೧೪, ಬೈರಯ್ಯ ಎಂದು ಬರೆದು ಅಂಟಿಸಿದೆ.

ಮೂರು ವಾರದ ಹೊತ್ತಿಗೆ ಬಿತ್ತನೆ ಮುಗಿಸಿ ಬೈರಯ್ಯ ವಾಪಸಾಗಿದ್ದ. ನಾಲ್ಕು ಮನೆಯ ಹಳ್ಳಿಯಲ್ಲಿ ಅವನಿಗೆ ಒಂದು ಸೀನೂ ಬಂದಿರಲಿಲ್ಲ. ಎರಡನೇ ಸಲ ಇನ್ನೂರ ಹದಿನಾಲ್ಕು ಎಂದು ಕೂಗಿದಾಗ ಅವನೇ ಬಂದು ಕೂತು, ಹಾಲು ಕುಡಿದು, ಬನ್ನಿಗೆ ಬೆಣ್ಣೆ ಇಲ್ಲವೇ ಎಂದು ಕೇಳಿದ.

ಆಗಸ್ಟಿನಲ್ಲಿ ವರದಿ ಬಂತು. ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಇನ್ನೂರ ಹದಿನಾಲ್ಕನೇ ನಂಬರಿನ ಮೊದಲ ಸೀಸೆಯಲ್ಲಿ ಪ್ರತಿಕಾಯ ಧಾರಾಳ, ಎರಡನೆಯದರಲ್ಲಿ ಲವಲೇಶವೂ ಇಲ್ಲ. ಮೂರು ವಾರದಲ್ಲಿ ಅದು ಹಾಗೆ ಮಾಯವಾಗುವುದು ಸಾಧ್ಯವಿಲ್ಲ, ರಕ್ತದ ಗುಂಪೂ ಬೇರೆ ಇದೆ, ಚೀಟಿ ಅಂಟಿಸುವಾಗ ನಿಮ್ಮ ಸಿಬ್ಬಂದಿ ಎಡವಿದ್ದಾರೆ, ಹೀಗಿರುವಾಗ ಉಳಿದ ಸೀಸೆಗಳನ್ನು ಹೇಗೆ ನಂಬುವುದು ಎಂದು ಪ್ರಯೋಗಾಲಯದವರು ಕೇಳಿದ್ದರು.

‘ನೀ ಹಂಗ ಮಾಡಂಗಿಲ್ಲಲ್ಲ ಲಕ್ಷ್ಮೀಪತಿ?’ ಎಂದು ಡಾಕ್ಟರು ಕೇಳಿದ ದನಿಯಲ್ಲಿ ಕೋಪವೇ ಇರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

‘ಕೈ ತಪ್ಪಿರಬೇಕು ಸಾರ್’ ಎಂದೆ. ಈ ಮಿಲ್ಲಿಗೆ ಬರುವ ಮೊದಲಿನದೂ ಸೇರಿ ಹದಿನೈದು ವರ್ಷದ ಕಾಂಪೌಂಡರ್ ಕೆಲಸದಲ್ಲಿ ಒಂದು ಸೀಸೆಯನ್ನೂ ಅದಲುಬದಲು ಮಾಡದ ನಾನು ಹಾಗೆಂದೆ.

ಸಂಜೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಮುನಿಯಪ್ಪನನ್ನು ಹಿಡಿದು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡೆ. ‘ನಿಮ್ಮ ಬಾವನ ರಾಗಿಗೋಸ್ಕರ ನಾನು ದಡ್ಡ ಅನ್ನಿಸ್ಕೊಂಡೆ ಕಣೋ. ಇರಲಿ, ಹೇಗೋ ಮುಚ್ಚಿಹಾಕಿದೀನಿ. ಇನ್ನು ನೀನು ಬಾಯಿ ಮುಚ್ಕೊಂಡು ನಿನ್ನ ಚೀಟಿ ತುಂಬಿಸ್ಕೊ. ಅಷ್ಟು ಮಾಡಿದ್ರೆ ಸಾಕು.’

ಅವನು ಟೀ ಕುಡಿಯದೆ ಎದ್ದುಹೋದ.

ಮಾರನೇ ಬೆಳಿಗ್ಗೆ ನಾನು ಔಷಧಾಲಯಕ್ಕೆ ಹೋಗುವ ಹೊತ್ತಿಗೆ ಅವನು ಡಾಕ್ಟರ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ. ‘ಇವರ ಕೈ ತಪ್ಪಿಲ್ಲ ಬುದ್ಧಿ. ಮೊದ್ಲು ತಗದಿದ್ದು ನನ್ ರಕ್ತ, ಆಮೇಲ್ ತಗದಿದ್ದು ಬಾವಂದು’ ಎನ್ನುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಹಣೆ ಚಚ್ಚಿಕೊಂಡೆ. ಡಾಕ್ಟರಿಗೋ ಹಿಡಿಸಲಾರದ ಸಂತೋಷ! ಪರೀಕ್ಷೆ ಸುಳ್ಳಾಗಿಲ್ಲ, ಚೀಟಿ ತಪ್ಪಾಗಿಲ್ಲ, ಮನುಷ್ಯರು ಮಾತ್ರ ಬೇರೆ. ಅಲ್ಲೇ ಕೂತು ಪ್ರಯೋಗಾಲಯಕ್ಕೆ ಉತ್ತರ ಬರೆದರು. ಬರೆದವರು ಸುಮ್ಮನೆ ಅಂಚೆಗೆ ಹಾಕಬಾರದೆ? ನಿಯಮದ ಪ್ರಕಾರ ಮ್ಯಾನೇಜರರ ಮೂಲಕವೇ ಕಳಿಸಿದರು.

ಆಮೇಲೆ ಒಂದು ವಾರ ಡಾಕ್ಟರು ಪಟ್ಟಿ ಹಿಡಿದು ಷೆಡ್ಡಿನಲ್ಲಿ ಮಗ್ಗದಿಂದ ಮಗ್ಗಕ್ಕೆ ಹೋಗಿ, ‘ಏನಪಾ, ನೀ ನೀನ ಹೌದಿಲ್ಲೋ? ಜೂನಿನಾಗೂ ನೀನ ಇದ್ದೆ?’ ಎಂದು ಕೇಳುತ್ತ ತಿರುಗಿದರು. ಶಿಕ್ಷೆ ಆಗದ ಹಾಗೆ ನೋಡಿಕೊಳ್ಳುತ್ತೇನೆಂದು ಅವರು ಮಾತು ಕೊಟ್ಟ ಮೇಲೆ ಹನ್ನೊಂದು ಜನ ಒಪ್ಪಿಕೊಂಡರು. ಒಬ್ಬನಂತೂ ಎರಡು ನಂಬರಿನಲ್ಲಿ ರಕ್ತ ಕೊಟ್ಟು ನಾಲ್ಕು ಬನ್ನು ತಿಂದಿದ್ದ. ಅವರನ್ನೆಲ್ಲ ತೆಗೆದರೆ ಮಗ್ಗಗಳು ನಿಲ್ಲುತ್ತವೆಂದು ಮ್ಯಾನೇಜರ್ ಆ ಹನ್ನೊಂದು ಹೆಸರನ್ನು ನೋಡಿಯೂ ನೋಡದಂತೆ ಪಕ್ಕಕ್ಕಿಟ್ಟರು. ಕಾಗದದಲ್ಲಿ ಸಿಕ್ಕಿಬಿದ್ದದ್ದು ಇನ್ನೂರ ಹದಿನಾಲ್ಕು ಒಂದೇ. ವಿಚಾರಣೆ ಅದೊಂದಕ್ಕೇ.

ವಿಚಾರಣೆಯ ದಿನ ಬೈರಯ್ಯ ತಲೆ ಎತ್ತಿಕೊಂಡು ಬಂದ. ‘ನಾನು ಎಲ್ಲೂ ಓಗಿಲ್ಲ ಬುದ್ಧಿ. ಜೂನ್ ಪೂರ್ತಿ ಮಗ್ಗದ ಮುಂದೇನೇ ಇದ್ದೆ. ಇವ್ನಿಗೆ ಹೆಣ್ಣು ಸಿಗಬೇಕು, ಅದಕ್ಕೆ ನನ್ ಬಿಲ್ಲೆ ಮ್ಯಾಲೆ ಕಣ್ಣು’ ಎಂದ. ನಂಜುಂಡಪ್ಪ ಹಾಜರಿ ಪುಸ್ತಕ ಬಿಡಿಸಿ ತೋರಿಸಿ, ಬೈರಯ್ಯನನ್ನು ದಿನವೂ ಕಂಡಿದ್ದೇನೆಂದು ದೇವರಾಣೆ ಮಾಡಿದ. ನನ್ನ ಔಷಧದ ಪುಸ್ತಕ ತರಿಸಿದರು. ಅದರಲ್ಲೂ ಬೈರಯ್ಯನೇ! ನಾನು ಮುಂದೆ ಬಂದು, ಅದು ನಾನೇ ಬರೆದ ಸುಳ್ಳು, ಜ್ವರದಲ್ಲಿ ನಿಂತವನು ಮುನಿಯಪ್ಪ ಎಂದೆ. ಆಗ ಬರೆದದ್ದು ಸುಳ್ಳಾದರೆ ಈಗ ಹೇಳುವುದು ನಿಜವೆಂದು ಹೇಗೆ ನಂಬಲಿ ಎಂದು ಮ್ಯಾನೇಜರ್ ಕೇಳಿದರು.

ಬಾವನ ಮಾತು ಕೇಳಿ ಮುನಿಯಪ್ಪನ ಮುಖ ಬಿಳುಚಿತ್ತು. ಸಿಟ್ಟಾದರೂ ಮಾಡಿಕೊಳ್ಳಬಾರದೆ? ‘ಓಗ್ಲಿ ಬಿಡಿ ಬುದ್ಧಿ. ಆ ರಕ್ತ ನಂದಲ್ಲ ಅಂತ್ಲೇ ಬರ್ಕಳಿ’ ಎಂದ.

‘ರಕ್ತ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲಪಾ’ ಎಂದು ಡಾಕ್ಟರು ಎದ್ದು ನಿಂತರು. ಇಬ್ಬರ ರಕ್ತವನ್ನೂ ಮ್ಯಾನೇಜರ್ ಎದುರಿಗೇ ಮತ್ತೊಮ್ಮೆ ತೆಗೆದು ಕಳಿಸೋಣ, ಜೂನಿನ ಸೀಸೆ ಯಾರದೆಂದು ಅದೇ ಹೇಳಲಿ ಎಂದರು.

ಹದಿನೈದು ದಿನ ಬಿಟ್ಟು ಉತ್ತರ ಬಂತು. ಬೈರಯ್ಯನ ರಕ್ತದಲ್ಲಿ ಆ ಜ್ವರದ ಗುರುತೇ ಇಲ್ಲ. ಮುನಿಯಪ್ಪನದರಲ್ಲಿ ಇದೆ, ಗುಂಪೂ ಜೂನಿನ ಸೀಸೆಯದೇ. ಆರು ವರ್ಷದಲ್ಲಿ ಹಾಜರಿ ಪುಸ್ತಕ ಹೇಳದ ಮಾತನ್ನು ಒಂದು ಸಣ್ಣ ಸೀಸೆ ಹೇಳಿತು. ಜೂನ್ ತಿಂಗಳಿನಲ್ಲಿ ಆ ಷೆಡ್ಡಿನಲ್ಲಿ, ಆ ಮಗ್ಗದ ಮುಂದೆ ನಿಂತಿದ್ದವನು ಮುನಿಯಪ್ಪ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಕಾಗದವನ್ನು ಎರಡು ಸಲ ಓದಿಸಿ ಕೇಳಿದೆ. ಅದರ ಮರುದಿನವೇ ಮಿಲ್ಲು ಆ ಕಾಗದವನ್ನೇ ಆಧಾರ ಮಾಡಿಕೊಂಡು ಬೈರಯ್ಯನನ್ನು ಕೆಲಸದಿಂದ ತೆಗೆಯಿತು, ಮುನಿಯಪ್ಪನನ್ನು ಬದ್ಲಿ ಪಟ್ಟಿಯಿಂದ ಹೊಡೆದುಹಾಕಿತು. ಇನ್ನೊಬ್ಬನ ಹೆಸರಿನಲ್ಲಿ ಕೆಲಸ ಮಾಡಿದ್ದು ರುಜುವಾತಾಗಿದೆಯಲ್ಲ!

ಆಗ ಡಾಕ್ಟರು ಮ್ಯಾನೇಜರರ ಜೊತೆ ಜಗಳಕ್ಕೆ ನಿಂತರು. ಆ ಸಾಧು ಮನುಷ್ಯ ಮೇಜು ಕುಟ್ಟಿದ್ದು ಹೊರಗಿನವರೆಗೆ ಕೇಳಿಸಿತು. ಜ್ವರದಲ್ಲೂ ಮಗ್ಗ ನಿಲ್ಲಿಸದ ಕೆಲಸಗಾರನನ್ನು ಕಳೆದುಕೊಳ್ಳುತ್ತೀರಾ ಎಂದು ಕೇಳಿದರಂತೆ. ಮ್ಯಾನೇಜರಿಗೂ ನುರಿತ ಕೈ ಬೇಕಿತ್ತು. ಕಡೆಗೆ ಖಾಲಿಯಾದ ಇನ್ನೂರ ಹದಿನಾಲ್ಕನ್ನು ಮುನಿಯಪ್ಪನ ಹೆಸರಿಗೆ ಕಾಯಂ ಮಾಡಿ ಕೊಡುತ್ತೇನೆ, ಸೋಮವಾರದೊಳಗೆ ಬಂದು ರುಜು ಹಾಕಲಿ ಎಂದರು.

ನಾನು ಓಡೋಡಿ ಹೋಗಿ ಹೇಳಿದೆ. ಆ ಪುಣ್ಯಾತ್ಮ ಕೊಟ್ಟ ಉತ್ತರ ಕೇಳಿ.

‘ಬ್ಯಾಡ ಸ್ವಾಮಿ. ಅದು ಬಾವನ ಬಿಲ್ಲೆ. ಅಕ್ಕನ ಮನೆ ಅನ್ನ ನಾನ್ ಕಿತ್ಕಂಡಂಗಾಯ್ತದೆ.’

‘ಲೋ ಮುನಿಯಪ್ಪ, ನೀನು ತಗೊಳ್ದೆ ಇದ್ರೆ ಅದು ಇನ್ಯಾರಿಗೋ ಹೋಗುತ್ತೆ ಕಣೋ. ನಿಮ್ಮ ಬಾವನಿಗಂತೂ ಬರಲ್ಲ. ಆ ಹುಡುಗಿ ಕಾಯ್ತಾ ಕೂತಿದಾಳೆ. ನಿನ್ನ ತಲೇಲಿ ಏನಿದೆ?’

ಎಷ್ಟು ಹೇಳಿದರೂ ಒಪ್ಪಲಿಲ್ಲ. ನಾನು ವಠಾರಕ್ಕೇ ಹೋಗಿ ಹನುಮಕ್ಕನಿಗೆ ಎಲ್ಲವನ್ನೂ ಹೇಳಿಬಂದೆ. ಒಲೆಯ ಮುಂದೆ ನಾಲ್ಕು ಮಕ್ಕಳು, ಜಗುಲಿಯ ಮೇಲೆ ಬೀಡಿ ಸೇದುತ್ತ ಗೋಡೆ ನೋಡುತ್ತಿದ್ದ ಬೈರಯ್ಯ. ಎರಡು ಎಕರೆ ರಾಗಿ ವರ್ಷದಲ್ಲಿ ಎಷ್ಟು ತಿಂಗಳು ಹೊಟ್ಟೆ ತುಂಬಿಸೀತು ಎಂಬುದು ಆಕೆಗೆ ಗೊತ್ತಿಲ್ಲದ್ದೇ?

ಸೋಮವಾರ ಬೆಳಿಗ್ಗೆ ಆಕೆಯೇ ತಮ್ಮನ ರಟ್ಟೆ ಹಿಡಿದು ಎಳೆದುಕೊಂಡು ಮಿಲ್ಲಿನ ಆಫೀಸಿಗೆ ಬಂದಳು. ಗುಮಾಸ್ತ ಬಿಲ್ಲೆಯನ್ನು ಮೇಜಿನ ಮೇಲಿಟ್ಟ. ಮುನಿಯಪ್ಪ ಕೈ ಚಾಚಲಿಲ್ಲ.

‘ತಗೊಳ್ಳೋ ಮುನಿಯಾ’ ಎಂದಳು ಹನುಮಕ್ಕ. ‘ಇಷ್ಟ್ ದಿನ ಅವನ ಹೆಸರಲ್ ನಿಂತ್ಕಂಡು ನಮ್ಮನೆ ಸಾಕ್ದೆ. ಇನ್ನು ನಿನ್ ಹೆಸರಲ್ಲೇ ಸಾಕು.’

ಅವನು ತೆಗೆದುಕೊಂಡ. ರುಜು ಹಾಕಿದ. ಬಿಲ್ಲೆಯೊಂದು ಬಂತಲ್ಲ ಎಂಬ ಖುಷಿಯಲ್ಲಿ ನನಗೆ ಆಕೆಯ ಮಾತಿನ ಭಾರ ಅರ್ಥವಾಗಲಿಲ್ಲ. ನಾನೂ ಎಂಥ ದಡ್ಡ!

ಮುಂದಿನ ಭಾನುವಾರ ಕೆಂಗೇರಿ ಬಸ್ಸು ಹತ್ತಿ ಹೆಣ್ಣಿನ ಮನೆಗೆ ಹೋದೆವು. ಅವನ ಕಡೆಯ ಹಿರಿಯನೆಂದು ನಾನು. ಬೈರಯ್ಯ ಬರುವುದಿಲ್ಲ ಎಂದಿದ್ದ. ಹೆಣ್ಣಿನ ತಂದೆ ಬಿಲ್ಲೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ತೊಡೆಯ ಮೇಲೆ ಉಜ್ಜಿ, ಮತ್ತೆ ನೋಡಿದರು. ಮುಖ ಅರಳಿತು. ಒಳಗಿನಿಂದ ಕಾಫಿ ಬಂತು. ಬಾಗಿಲ ಸಂದಿಯಲ್ಲಿ ಹಸಿರು ಸೀರೆಯ ಅಂಚು ಕಂಡಿತು. ಮುನಿಯಪ್ಪ ಅತ್ತ ನೋಡಿ, ಬೇಗನೆ ಲೋಟದೊಳಗೆ ನೋಡಿದ.

‘ಬಾವನೋರ್ದು ಕೆಲಸ ಓಯ್ತಂತೆ?’ ಎಂದರು ತಂದೆ, ಮೆಲ್ಲಗೆ.

‘ಹೂಂ.’

‘ಹಂಗಾರೆ ಈಗ ಈ ಬಿಲ್ಲೆ ಮ್ಯಾಲೆ ಉಣ್ಣೋರು ಎಷ್ಟು ಜನ?’

ನಾನು ಅವನ ತೊಡೆ ಅದುಮಿದೆ. ‘ಇವನೊಬ್ಬನೇ, ಬೈರಯ್ಯನಿಗೆ ಹೊಲ ಇದೆ’ ಎನ್ನಲು ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ಅವನು ಬೆರಳು ಮಡಿಸಿ ಎಣಿಸಲು ಶುರುಮಾಡಿದ್ದ. ಅಕ್ಕ, ಬಾವ, ನಾಲ್ಕು ಮಕ್ಕಳು.

‘ನಾನೂ ಸೇರ್ಕಂಡ್ರೆ ಏಳು’ ಎಂದ.

ಆ ಮನುಷ್ಯ ಕೆಟ್ಟವರಲ್ಲ. ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಇವನಿಗೆ ವಾಪಸು ಕೊಟ್ಟರು. ‘ತಪ್ಪು ತಿಳ್ಕಬ್ಯಾಡಪ್ಪ. ನಿನ್ನಂಥೋನು ಸಿಗಾಕಿಲ್ಲ. ಆದ್ರೆ ನನ್ ಮಗಳು ಎಂಟನೆಯೋಳಾಗಿ ಎಲೆ ಹಾಕ್ಕಂಡು ಕೂತ್ಕಳಾದು ಬ್ಯಾಡ.’

ಬಸ್ಸು ಬರುವವರೆಗೆ ರಸ್ತೆಯ ಪಕ್ಕ ನಿಂತು ಅವನನ್ನು ಬೈದೆ. ಬಸ್ಸಿನಲ್ಲಿ ಬೈದೆ. ಇಳಿದ ಮೇಲೂ ಬೈದೆ. ಏಳು ಎಂದು ಏಕೆ ಹೇಳಿದೆ? ಮದುವೆಯಾದ ಮೇಲೆ ಹೇಳಿದ್ದರೆ ಆಗುತ್ತಿರಲಿಲ್ಲವೆ? ಬೈರಯ್ಯನಿಗೆ ಕೈಕಾಲಿಲ್ಲವೆ, ದುಡಿದು ತಿನ್ನಲಿ ಎಂದು ಅಕ್ಕನಿಗೆ ಒಂದೇ ಒಂದು ಸಲ ಅನ್ನಲು ನಿನ್ನ ಬಾಯಿಗೆ ಏನಾಗಿದೆ?

ಅವನು ಎಲ್ಲವನ್ನೂ ಕೇಳಿಸಿಕೊಂಡ. ‘ಸುಳ್ಳು ಹೇಳಿದ್ರೆ ಅದನ್ನೂ ಎಲ್ಲಾದ್ರೂ ಪರೀಕ್ಷೆ ಮಾಡ್ಸಿಬುಟ್ರೆ ಸ್ವಾಮಿ?’ ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು. ಅವನು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. ಮಾಗಡಿ ರಸ್ತೆಯ ಟೋಲ್‌ಗೇಟಿನ ಹತ್ತಿರ, ಜನ ಓಡಾಡುವ ದಾರಿಯಲ್ಲಿ, ಟವೆಲಿನಿಂದ ಮುಖ ಮುಚ್ಚಿಕೊಂಡು ನಿಂತುಬಿಟ್ಟ. ನನಗೆ ಬೈಗುಳ ಮುಗಿದುಹೋಯಿತು.

ಡಾಕ್ಟರ ಮಾತು ಒಟ್ಟಿನಲ್ಲಿ ನಿಜವಾಯಿತು. ಬಟ್ಟೆ ಮಡಿಸುವವರಿಗಿಂತ ಷೆಡ್ಡಿನವರ ರಕ್ತದಲ್ಲೇ ಜ್ವರದ ಗುರುತು ಹೆಚ್ಚು ಎಂದು ವರದಿಯಲ್ಲಿತ್ತು. ಲಾಳಿಯೋ ಮುಚ್ಚಿದ ಕಿಟಕಿಯೋ ಎಂಬುದನ್ನು ರಕ್ತ ಹೇಳಲಾರದಂತೆ. ಆದರೂ ಮಗ್ಗಕ್ಕೊಂದು ಕೊಕ್ಕೆ ಬಂತು. ಬಾಯಿ ಹಚ್ಚಿದರೆ ಬೇಗ ಆಗುತ್ತದೆಂದು ಯಾರೂ ಅದನ್ನು ಮುಟ್ಟಲಿಲ್ಲ. ಮುನಿಯಪ್ಪ ತನ್ನ ಕೊಕ್ಕೆಗೆ ಊಟದ ಗಂಟು ನೇತುಹಾಕುತ್ತಿದ್ದ.

ಆ ಹುಡುಗಿಯನ್ನು ಬಿಡದಿಯ ಕಡೆ ಕೊಟ್ಟರು. ಮಾಘ ಮಾಸದ ಒಂದು ಬುಧವಾರ ಧಾರೆ. ಆ ದಿನ ಮುನಿಯಪ್ಪ ರಜೆ ಹಾಕಿ ಎಲ್ಲಾದರೂ ಹೋಗಿ ಬರಲಿ ಎಂದು ನಾನೇ ಹಿಂದಿನ ದಿನ ಹೇಳಿದ್ದೆ. ಕಾಯಂ ನೌಕರ, ಕೇಳಿದ್ದರೆ ರಜೆ ಸಿಗುತ್ತಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ಮನಸ್ಸು ತಡೆಯದೆ ಟೈಮ್ ಆಫೀಸಿಗೆ ಹೋಗಿ ಹಾಜರಿ ಪುಸ್ತಕ ತೆಗೆದು ನೋಡಿದೆ. ಇನ್ನೂರ ಹದಿನಾಲ್ಕು, ಮುನಿಯಪ್ಪ, ಹಾಜರ್ ಎಂದು ಬರೆದಿತ್ತು. ಪುಸ್ತಕವನ್ನು ನಂಬದೆ ಷೆಡ್ಡಿಗೆ ಹೋಗಿ ಇಣುಕಿದೆ, ಮಗ್ಗದ ಮುಂದೆ ನಿಂತಿದ್ದವನೂ ಅವನೇ.